ಡಾಂಬರಿಗೆ ಡೀಸೆಲ್ ಯಾಕೆ ಆಗಿಬರುವುದಿಲ್ಲ? ಸೀಲ್ ಕೋಟ್ ಬಗ್ಗೆ ಟಿಪ್ಪಣಿ

ಲ್ಯಾಬಿನಲ್ಲಿ ಕೈಗೆ ಬಿಟುಮೆನ್, ಅಂದರೆ ರಸ್ತೆಯ ಜಲ್ಲಿಯನ್ನು ಅಂಟಿಸುವ ಕಪ್ಪು ಡಾಂಬರು, ಮೆತ್ತಿಕೊಂಡರೆ ಸೋಪಿಗೆ ಜಗ್ಗುವುದಿಲ್ಲ. ಬಟ್ಟೆಗೆ ಒಂದಿಷ್ಟು ಸೀಮೆಎಣ್ಣೆ ಹಾಕಿ ಉಜ್ಜಿದರೆ ಸಲೀಸಾಗಿ ಬಿಡುತ್ತದೆ. ಈ ಪಾಠದ ಅರ್ಧ ಇಲ್ಲೇ ಇದೆ. ಬಿಟುಮೆನ್, ಸೀಮೆಎಣ್ಣೆ, ಡೀಸೆಲ್ ಮೂರೂ ಕಚ್ಚಾತೈಲದಿಂದ ಬಂದವು. ಒಂದೇ ಮನೆಯ ಮಕ್ಕಳು, ಸೇರಿದರೆ ಕರಗಿ ಒಂದಾಗುತ್ತವೆ.

ಬಸ್ ನಿಲ್ಲುವ ಜಾಗದಲ್ಲಿ ಡೀಸೆಲ್ ತೊಟ್ಟಿಕ್ಕುತ್ತಿದೆ ಅಂದುಕೊಳ್ಳಿ. ಜಲ್ಲಿಯನ್ನು ಹಿಡಿದಿಟ್ಟ ಬಿಟುಮೆನ್ ಮೆತ್ತಗಾಗುತ್ತದೆ. ಆಮೇಲೆ ಟೈರು ತಿರುಗಿದಾಗಲೆಲ್ಲ ಒಂದೊಂದೇ ಜಲ್ಲಿ ಎದ್ದು ಬರುತ್ತದೆ. ಪೆಟ್ರೋಲ್ ಬೇಗ ಆರಿಹೋಗುತ್ತದೆ. ಡೀಸೆಲ್ ಹಾಗಲ್ಲ, ಒಳಗಿಳಿದು ಕೂರುತ್ತದೆ, ಅದಕ್ಕೇ ಅದರ ಕಾಟ ಜಾಸ್ತಿ. ವಿಮಾನಗಳು ನಿಂತು ಇಂಧನ ತುಂಬಿಸಿಕೊಳ್ಳುವ ಅಂಗಳ (ಏಪ್ರನ್) ಹೆಚ್ಚಾಗಿ ಕಾಂಕ್ರೀಟಿನದ್ದೇ ಇರಲು ಇದೂ ಒಂದು ಕಾರಣ.

ಗಾಳಿ-ಬಿಸಿಲಿನ ಕೆಲಸ ಇದಕ್ಕೆ ಉಲ್ಟಾ. ಆಮ್ಲಜನಕ ಬಿಟುಮೆನ್ನನ್ನು ಗಟ್ಟಿ ಮಾಡುತ್ತದೆ. ಅದರೊಳಗಿನ ಎಣ್ಣೆಯಂಥ ಭಾಗ ಮಾಲ್ಟೀನ್ ಕಡಿಮೆಯಾಗಿ, ಗಡುಸಾದ ಆಸ್ಫಾಲ್ಟೀನ್ ಹೆಚ್ಚುತ್ತದೆ. ಕಪ್ಪು ರಸ್ತೆ ಬೂದು ಬಣ್ಣಕ್ಕೆ ತಿರುಗಿ, ಕೊನೆಗೆ ಬಿರುಕು ಬಿಡುತ್ತದೆ. ಅತಿನೇರಳೆ ಕಿರಣ ತೀರಾ ಮೇಲ್ಪದರವನ್ನಷ್ಟೇ ಮುಟ್ಟುತ್ತದೆ. ಗಾಳಿಯಾದರೋ ಸಣ್ಣ ಸಂದುಗಳಲ್ಲಿ ಒಳಕ್ಕೂ ಹೋಗುತ್ತದೆ. ರೋಲರ್ ಸರಿಯಾಗಿ ಹಾಯಿಸದೆ ಸಂದುಗಳು ಒಟ್ಟು ಗಾತ್ರದ 8% ದಾಟಿದ ರಸ್ತೆಗೆ ಬೇಗ ಮುಪ್ಪು ಬರುವುದು ಇದರಿಂದಲೇ.

ಇನ್ನು ಸೀಲ್ ಕೋಟ್, ಅಂದರೆ ರಸ್ತೆಯನ್ನು ಕಾಪಾಡಲು ಮೇಲೆ ಬಳಿಯುವ ತೆಳು ಲೇಪನ. ಸಾಮಾನ್ಯವಾಗಿ ಬಳಸುವುದು ಬಿಟುಮೆನ್ ಎಮಲ್ಷನ್, ಅಂದರೆ ನೀರಿನಲ್ಲಿ ತೇಲುವ ಬಿಟುಮೆನ್ ಹನಿಗಳು. ಬಳಿದಾಗ ಕಂದು. ಹನಿಗಳು ನೀರು ಬಿಟ್ಟು ಒಂದಾದಾಗ ಕಪ್ಪು. ಸೈಟಿನಲ್ಲಿ ‘ಬ್ರೇಕ್ ಆಯ್ತು’ ಅನ್ನುವುದು ಇದಕ್ಕೇ. ಬಿಸಿಲು-ಮಳೆಗೆ ಇದು ಸಾಕು. ಡೀಸೆಲ್‌ಗೆ? ಲೇಪನವೂ ಬಿಟುಮೆನ್ನೇ ಅಲ್ವಾ, ಅದೂ ಕರಗುತ್ತದೆ! ಪರೀಕ್ಷೆಯಲ್ಲಿ ತಪ್ಪುವುದು ಇಲ್ಲೇ. ಶತ್ರು ಇಬ್ಬರು, ಮದ್ದು ಒಂದೇ ಅಲ್ಲ.

ಡೀಸೆಲ್ ತಡೆಯುವುದು ಕೋಲ್ ಟಾರ್. ನಾವು ಬಿಟುಮೆನ್, ಕೋಲ್ ಟಾರ್ ಎರಡಕ್ಕೂ ಡಾಂಬರು ಅಂದುಬಿಡುತ್ತೇವೆ, ನಾನೂ ಬಹಳ ದಿನ ಎರಡೂ ಒಂದೇ ಅಂದುಕೊಂಡಿದ್ದೆ. ಕೋಲ್ ಟಾರ್ ಸಿಗುವುದು ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಯಿಸಿ ಕೋಕ್ ಮಾಡುವಾಗ. ಅದರ ಅಣುಗಳಲ್ಲಿ ಬೆಂಜೀನ್ ಉಂಗುರಗಳು ತುಂಬಿರುತ್ತವೆ, ಡೀಸೆಲ್ ಅವನ್ನು ಸುಲಭವಾಗಿ ಕರಗಿಸಲಾರದು. ಆದರೆ ತೊಂದರೆಯೂ ಆ ಉಂಗುರಗಳದ್ದೇ. ಪಿಎಎಚ್ (ಹಲವು ಉಂಗುರಗಳು ಜೋಡಿಕೊಂಡ ಹೈಡ್ರೋಕಾರ್ಬನ್) ಎಂಬ ಈ ರಾಸಾಯನಿಕಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಅಮೆರಿಕದ ಭೂವೈಜ್ಞಾನಿಕ ಸರ್ವೇ ಪ್ರಕಾರ ಕೋಲ್ ಟಾರ್ ಲೇಪನದಲ್ಲಿ ಪಿಎಎಚ್ ಪ್ರಮಾಣ ಬಿಟುಮೆನ್ ಲೇಪನಕ್ಕಿಂತ ಸುಮಾರು 1000 ಪಟ್ಟು. ಪಾರ್ಕಿಂಗ್ ಜಾಗದ ಲೇಪನ ಟೈರಿಗೆ ಸವೆದು ಪುಡಿಯಾಗಿ, ಮಳೆನೀರಿನ ಜೊತೆ ಹಳ್ಳ ಸೇರುತ್ತದೆ. ಟೆಕ್ಸಸ್‌ನ ಆಸ್ಟಿನ್ ನಗರ 2005ರಲ್ಲಿ, ವಾಷಿಂಗ್ಟನ್ ರಾಜ್ಯ 2011ರಲ್ಲಿ ಕೋಲ್ ಟಾರ್ ಲೇಪನವನ್ನು ನಿಷೇಧಿಸಿದವು. ಅಕ್ರಿಲಿಕ್ ಲೇಪನಗಳೂ ಇವೆ, ದುಬಾರಿ. ಆದರೂ ಇಂಧನ ಚೆಲ್ಲುವ ಜಾಗಕ್ಕೆ ನನ್ನ ಆಯ್ಕೆ ಅಕ್ರಿಲಿಕ್ಕೇ.

ಬಳಿಯುವಾಗ ದಪ್ಪಗೆ ಒಂದು ಕೋಟ್ ಬೇಡ, ತೆಳ್ಳಗೆ ಎರಡು ಹಾಕಿ. ಜಾರದಿರಲು ಮರಳು ಬೆರೆಸುತ್ತಾರೆ. ಎಣ್ಣೆ ಕಲೆಯ ಮೇಲೆ ಸುಮ್ನೆ ಬಳಿದರೆ ಸಿಪ್ಪೆಯಂತೆ ಏಳುತ್ತದೆ. ಮೊದಲು ಅಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ, ಬೆಳಗಿನ ತಂಪಿನಲ್ಲೇ. ಮಧ್ಯಾಹ್ನದ ಬಿಸಿಲಿಗೆ ಒಳ್ಳೆಯ ರಸ್ತೆಯೂ ಮೆತ್ತಗಿರುತ್ತದೆ. ಗಟ್ಟಿಯಿದ್ದರೆ ಉಜ್ಜಿ ತೊಳೆದು, ಪ್ರೈಮರ್ ಹಚ್ಚಿ ಬಳಿಯಬಹುದು. ಒಳಗೆ ಚುಚ್ಚಿಕೊಂಡಿತೋ, ಆ ತುಂಡನ್ನು ಕತ್ತರಿಸಿ ತೆಗೆದು ಹೊಸ ಮಿಶ್ರಣ ತುಂಬಬೇಕು.