ಬಯಾಸ್‌ಗೆ ಕಂಡ ಡಿಸ್ಕ್ ಲಿನಕ್ಸ್‌ಗೆ ಯಾಕೆ ಕಾಣುವುದಿಲ್ಲ?

ಪ್ರಶ್ನೆ: ಕಂಪನಿಯೊಂದು ಮಾರಿದ ಹಳೆಯ ಸರ್ವರ್ ಕೊಂಡಿದ್ದೇನೆ. ಇಂಟೆಲ್ ಸಿ602 ಚಿಪ್‌ಸೆಟ್, ಎರಡು ಝಿಯಾನ್ ಇ5 ವಿ2 ಪ್ರೊಸೆಸರ್. ಸೆಂಟ್‌ಓಎಸ್ 7 ಓಡುತ್ತಿತ್ತು. ಹೊಸ ಆವೃತ್ತಿ ಹಾಕಲು ಹೋದರೆ ಇನ್‌ಸ್ಟಾಲರ್‌ನಲ್ಲಿ ಒಂದು ಡಿಸ್ಕೂ ಇಲ್ಲ. ಬಯಾಸ್‌ನಲ್ಲಿ (ಯಂತ್ರ ಎದ್ದಾಗ ಮೊದಲು ಓಡುವ ಪ್ರೋಗ್ರಾಮಿನಲ್ಲಿ) ಮಾತ್ರ ಎಲ್ಲವೂ ಕಾಣುತ್ತವೆ. ಈ ಚಿಪ್‌ಸೆಟ್‌ಗೆ ಲಿನಕ್ಸ್ ಬೆಂಬಲ ನಿಂತುಹೋಯಿತೇ?

ಉತ್ತರ: ನಿಂತಿಲ್ಲ. ಸಿ602 ಇವತ್ತಿಗೂ ಲಿನಕ್ಸ್ ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಚೆನ್ನಾಗಿ ಗೊತ್ತಿರುವ ಚಿಪ್‌ಸೆಟ್. ನಿಮ್ಮ ತೊಂದರೆ ಬಹುಮಟ್ಟಿಗೆ ಚಿಪ್‌ಸೆಟ್ಟಿನದಲ್ಲ, ಡಿಸ್ಕ್‌ಗಳಿಗೆ ತಂತಿ ಎಳೆದಿರುವ ಕಂಟ್ರೋಲರ್‌ನದು.

ಬಯಾಸ್‌ಗೆ ಡಿಸ್ಕ್ ಕಾಣುವುದು ಕಂಟ್ರೋಲರ್ ಕಾರ್ಡಿನ ಶಾಶ್ವತ ನೆನಪಿನಲ್ಲೇ (ROM) ಕುಳಿತ ಪುಟ್ಟ ಪ್ರೋಗ್ರಾಮಿನ ಕೃಪೆಯಿಂದ. ಕರ್ನಲ್ ಎದ್ದ ಮೇಲೆ ಆ ಪ್ರೋಗ್ರಾಮಿಗೆ ಕೆಲಸವಿಲ್ಲ. ಅಲ್ಲಿಂದ ಮುಂದೆ ಕರ್ನಲ್ಲಿನ ಸ್ವಂತ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಬಂದು ಕಾರ್ಡನ್ನು ವಹಿಸಿಕೊಳ್ಳಬೇಕು. ಅದು ಬರದಿದ್ದರೆ ಡಿಸ್ಕ್‌ಗಳು ಸರಿಯಾಗಿ ತಿರುಗುತ್ತಿದ್ದರೂ ಇನ್‌ಸ್ಟಾಲರ್ ಪಾಲಿಗೆ ಇಲ್ಲದಂತೆಯೇ.

ಯಾವ ಸಾಧನಕ್ಕೆ ಯಾವ ಡ್ರೈವರ್ ಎಂದು ಕರ್ನಲ್ ನಿರ್ಧರಿಸುವುದು ಬೋರ್ಡಿನ ಹೆಸರು ನೋಡಿ ಅಲ್ಲ. ಪಿಸಿಐ (ಬೋರ್ಡಿಗೆ ಕಾರ್ಡುಗಳನ್ನು ಜೋಡಿಸುವ ವ್ಯವಸ್ಥೆ) ಸಾಧನ ಪ್ರತಿಯೊಂದಕ್ಕೂ ಎರಡು ನಂಬರ್ ಇರುತ್ತವೆ: ಒಂದು ತಯಾರಕರದು, ಇನ್ನೊಂದು ಸಾಧನದ್ದು. ಇಂಟೆಲ್‌ನದು 8086, ಎಎಂಡಿಯದು 1022, ಎಲ್‌ಎಸ್‌ಐ ಕಾರ್ಡುಗಳದು 1000. ತನಗೆ ಒಗ್ಗುವ ನಂಬರ್‌ಗಳ ಪಟ್ಟಿಯನ್ನು ಪ್ರತಿ ಡ್ರೈವರ್ ಜೊತೆಯಲ್ಲೇ ಇಟ್ಟುಕೊಂಡಿರುತ್ತದೆ. ಪಟ್ಟಿಯಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಎಚ್‌ಸಿಐ (ಸಾಟಾ ಡಿಸ್ಕ್ ಕಂಟ್ರೋಲರ್‌ಗಳ ಸಾಮಾನ್ಯ ಮಾನದಂಡ) ಸಾಟಾ ಇದಕ್ಕೆ ಒಳ್ಳೆಯ ಅಪವಾದ: ನಂಬರ್ ಗೊತ್ತಿಲ್ಲದಿದ್ದರೂ 'ಇದು ಎಎಚ್‌ಸಿಐ ಜಾತಿಯದು' ಎಂಬ ಗುರುತು ಸಿಕ್ಕರೆ ಸಾಕು, ಡ್ರೈವರ್ ಒಪ್ಪಿಕೊಳ್ಳುತ್ತದೆ. ಹೊಚ್ಚಹೊಸ ಬೋರ್ಡಿನ ಸಾಟಾ ಪೋರ್ಟುಗಳು ಹಳೆಯ ಕರ್ನಲ್‌ನಲ್ಲೂ ಸಾಮಾನ್ಯವಾಗಿ ಓಡುವುದು ಇದರಿಂದಲೇ.

ಈಗ ನಿಮ್ಮ ಬೋರ್ಡಿಗೆ ಬರೋಣ. ಸಿ602ರ ಒಳಗೇ ಎರಡು ಬೇರೆ ಬೇರೆ ಡಿಸ್ಕ್ ಕಂಟ್ರೋಲರ್‌ಗಳಿವೆ. ಒಂದು ಮಾಮೂಲಿ ಎಎಚ್‌ಸಿಐ, ಇನ್ನೊಂದು ಎಸ್‌ಸಿಯು (ಸ್ಟೋರೇಜ್ ಕಂಟ್ರೋಲ್ ಯೂನಿಟ್). ಎರಡನೆಯದಕ್ಕೆ ಡ್ರೈವರ್ ಬೇರೆ, ಲಿನಕ್ಸ್‌ನಲ್ಲೂ ಫ್ರೀಬಿಎಸ್‌ಡಿ ಎಂಬ ಇನ್ನೊಂದು ತೆರೆದ ಮೂಲದ ಕಾರ್ಯಾಚರಣಾ ವ್ಯವಸ್ಥೆಯಲ್ಲೂ ಅದರ ಹೆಸರು ಐಎಸ್‌ಸಿಐ. ಒಂದೇ ಚಿಪ್, ಒಂದೇ ಬೋರ್ಡ್, ಆದರೆ ಕೇಬಲ್ ಯಾವ ಪೋರ್ಟಿನಲ್ಲಿದೆ ಎಂಬುದರ ಮೇಲೆ ಡ್ರೈವರ್ ಬದಲಾಗುತ್ತದೆ. 'ಸಿ602ಗೆ ಬೆಂಬಲ ಇದೆಯೇ' ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಿಗದಿರುವುದು ಇದಕ್ಕೇ. ಡಿಸ್ಕ್ ನೇರವಾಗಿ ಬೋರ್ಡಿಗೆ ಸೇರಿದ್ದರೆ ಮೊದಲು ಒಂದು ಕೇಬಲನ್ನು ಎಎಚ್‌ಸಿಐ ಪೋರ್ಟಿಗೆ ಬದಲಿಸಿ ನೋಡಿ. ಬಯಾಸ್‌ನಲ್ಲಿ ಸಾಟಾ 'ರೇಡ್' (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಿ ಬಳಸುವ) ಮೋಡ್‌ನಲ್ಲಿದ್ದು, ಅದರ ಮೇಲೆ ಬೇಕಾದ ದತ್ತಾಂಶ ಇಲ್ಲದಿದ್ದರೆ, ಎಎಚ್‌ಸಿಐಗೆ ಹಾಕಿ. ದತ್ತಾಂಶ ಇದ್ದರೆ ಮೋಡ್ ಮುಟ್ಟಬೇಡಿ. ಇಂಟೆಲ್‌ನ ಆ ರೇಡ್ ಜೋಡಣೆಯನ್ನು ಲಿನಕ್ಸ್‌ನ ಎಂಡಿಅಡ್ಮ್ (mdadm) ಎಂಬ ಸಲಕರಣೆ ಓದಬಲ್ಲದು.

ಆದರೆ 'ಸೆಂಟ್‌ಓಎಸ್ 7 ಓಡುತ್ತಿತ್ತು, ಹೊಸತು ಓಡುತ್ತಿಲ್ಲ' ಎಂದಿದ್ದೀರಲ್ಲ, ನನಗೆ ಹೆಚ್ಚು ಅನುಮಾನ ಅಲ್ಲೇ. ಇಂಥ ಸರ್ವರ್‌ಗಳಲ್ಲಿ ಡಿಸ್ಕ್‌ಗಳು ಹೆಚ್ಚಾಗಿ ಎಲ್‌ಎಸ್‌ಐ ಸ್ಯಾಸ್2008 ಚಿಪ್ ಇರುವ ಕಾರ್ಡಿಗೆ ಸೇರಿರುತ್ತವೆ: ಎಲ್‌ಎಸ್‌ಐ 9211-8ಐ, ಡೆಲ್ ಎಚ್200 ಮುಂತಾದವು. ನಂಬರ್ 1000:0072. ಸೆಂಟ್‌ಓಎಸ್ ಕಟ್ಟುತ್ತಿದ್ದುದು ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ಮೂಲದಿಂದ. 2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಈ ನಂಬರ್‌ಗೆ ಬೆಂಬಲ ತೆಗೆದುಹಾಕಿದರು. ಈ ಕಾರ್ಡುಗಳ ಎಂಪಿಟಿ3ಸ್ಯಾಸ್ ಡ್ರೈವರ್ ಅಲ್ಲೇ ಇದೆ, ಈ ಕಾರ್ಡನ್ನು ನಡೆಸಲೂ ಅದಕ್ಕೆ ಬರುತ್ತದೆ. ಪಟ್ಟಿಯಲ್ಲಿ ನಂಬರ್ ಇಲ್ಲ, ಅಷ್ಟೆ. ಅದೇ ಮೂಲದಿಂದ ಕಟ್ಟಿದ ರಾಕಿ ಲಿನಕ್ಸ್ 8 ಕೂಡ ಹಾಗೆಯೇ. ಹಳೆಯ ಯಂತ್ರಾಂಶದ ಹೊಣೆಯನ್ನು ವರ್ಷಗಟ್ಟಲೆ ಹೊರಲು ಕಂಪನಿಗೆ ಕಷ್ಟ ಎಂಬುದು ನನಗೆ ಅರ್ಥವಾಗುತ್ತದೆ. ಆದರೂ ಗಟ್ಟಿಮುಟ್ಟಾದ ಕಾರ್ಡೊಂದು ಪಟ್ಟಿಯ ಒಂದು ಸಾಲಿಗಾಗಿ ಗುಜರಿ ಸೇರುವುದನ್ನು ನೋಡಿದರೆ ಸಂಕಟವಾಗುತ್ತದೆ.

ತೆರೆದ ಮೂಲದ ಬೆಲೆ ತಿಳಿಯುವುದು ಇಂಥ ಕಡೆಯಲ್ಲೇ. ಮೂಲ ಲಿನಕ್ಸ್ ಕರ್ನಲ್‌ನಿಂದ ಆ ನಂಬರ್ ಹೋಗಿಲ್ಲ. ಹಾಗಾಗಿ ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಕಾರ್ಡ್ ಸುಮ್ಮನೆ ಓಡುತ್ತದೆ. ಫ್ರೀಬಿಎಸ್‌ಡಿಯಲ್ಲಿ ಎಂಪಿಎಸ್ ಎಂಬ ಡ್ರೈವರ್ ಇದನ್ನು ನೋಡಿಕೊಳ್ಳುತ್ತದೆ. ರೆಡ್ ಹ್ಯಾಟ್ ಬಳಗದಲ್ಲೇ ಇರಬೇಕೆಂದರೆ ಆ ಬಳಗಕ್ಕೆ ಹೆಚ್ಚುವರಿ ಡ್ರೈವರ್‌ಗಳನ್ನು ಕಟ್ಟುವ ಎಲ್‌ರೆಪೋ ತಂಡದವರು ಡ್ರೈವರ್ ಡಿಸ್ಕ್ (ಡ್ರೈವರ್ ಇರುವ ಕಡತ) ಮಾಡಿಟ್ಟಿದ್ದಾರೆ. ಇನ್‌ಸ್ಟಾಲರ್ ಬೂಟ್ ಸಾಲಿನಲ್ಲಿ 'ಇನ್‌ಸ್ಟ್ ಡಾಟ್ ಡಿಡಿ' (inst.dd) ಆಯ್ಕೆ ಕೊಟ್ಟು ಅದನ್ನು ಹಾಕಿಕೊಳ್ಳಬಹುದು. ಅದೇ ಬಳಗದ ಆಲ್ಮಾಲಿನಕ್ಸ್‌ನವರಂತೂ 2024ರ 9.4 ಆವೃತ್ತಿಯಲ್ಲಿ ಇಂಥ ಹಲವು ನಂಬರ್‌ಗಳನ್ನು ತಾವೇ ಮರಳಿ ಸೇರಿಸಿದರು.

ಊಹೆ ಬಿಟ್ಟು ಖಚಿತ ಮಾಡಿಕೊಳ್ಳಿ. ಡೆಬಿಯನ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಎಲ್‌ಎಸ್‌ಪಿಸಿಐ ಕಮಾಂಡನ್ನು ಎನ್‌ಎನ್‌ಕೆ ಆಯ್ಕೆಯೊಂದಿಗೆ (lspci -nnk) ಓಡಿಸಿ. ಪ್ರತಿ ಸಾಧನದ ನಂಬರ್ ಚೌಕ ಆವರಣದಲ್ಲಿ ಬರುತ್ತದೆ, ಯಾವ ಡ್ರೈವರ್ ಹಿಡಿದಿದೆ ಎಂಬುದು ಅದರ ಕೆಳಗೆ. ಡ್ರೈವರ್ ಸಾಲೇ ಇಲ್ಲದಿದ್ದರೆ ಆ ಸಾಧನ ಅನಾಥ. ನಂಬರ್ 0072ರ ಬದಲು 0073 ಎಂದಿದ್ದರೆ ಚಿಪ್ ಅದೇ ಆದರೂ ಫರ್ಮ್‌ವೇರ್ (ಕಾರ್ಡಿನೊಳಗೇ ಓಡುವ ತಂತ್ರಾಂಶ) ರೇಡ್‌ನದು, ಬೇಕಾದ ಡ್ರೈವರ್ ಮೆಗಾರೇಡ್‌ನದು. ನೆಟ್‌ವರ್ಕ್ ಕಾರ್ಡನ್ನೂ ಅಲ್ಲೇ ನೋಡಿಕೊಳ್ಳಿ. ಇಂಟೆಲ್ ಐ350 ಇದ್ದರೆ ಚಿಂತೆಯಿಲ್ಲ. ಬ್ರಾಡ್‌ಕಾಮ್ 5709 ಇದ್ದರೆ ಪ್ರತ್ಯೇಕ ಫರ್ಮ್‌ವೇರ್ ಕಡತ ಬೇಕು, 2023ರ ಡೆಬಿಯನ್ 12ರಿಂದ ಅದು ಇನ್‌ಸ್ಟಾಲರ್ ಜೊತೆಗೇ ಬರುತ್ತದೆ.

ಇನ್ನೊಂದು ವಿಷಯ, ಇದು ಡಿಸ್ಕ್‌ಗೆ ಸಂಬಂಧಿಸಿದ್ದಲ್ಲ. ನೀವು ಹಾಕಲು ಹೊರಟದ್ದು ರೆಡ್ ಹ್ಯಾಟ್ 10 ಆಗಿದ್ದರೆ ಕಾರ್ಡ್ ಬದಲಿಸಿಯೂ ಪ್ರಯೋಜನವಿಲ್ಲ. ಅದಕ್ಕೆ ಎವಿಎಕ್ಸ್2 ಸೂಚನೆಗಳಿರುವ ಪ್ರೊಸೆಸರ್ ಬೇಕು, ಇ5 ವಿ2ನಲ್ಲಿ ಅದಿಲ್ಲ. 9ರಲ್ಲೇ ನಿಲ್ಲಿ, ಇಲ್ಲವೇ ಹಳೆಯ ಪ್ರೊಸೆಸರ್‌ಗಳಿಗೆಂದೇ ಆಲ್ಮಾಲಿನಕ್ಸ್ 10ರಲ್ಲಿ ಬೇರೆಯಾಗಿ ಕಟ್ಟಿರುವ 'ವಿ2' ಆವೃತ್ತಿಯನ್ನು (ಇ5 ವಿ2 ಹೆಸರಿನ ವಿ2ಗೂ ಇದಕ್ಕೂ ಸಂಬಂಧವಿಲ್ಲ) ಇಳಿಸಿಕೊಳ್ಳಿ.