ಆ ಸಣ್ಣ ಬೀಗ ಯಾಕಿತ್ತು?

2005ರ ಡಿಸೆಂಬರ್ 11, ಭಾನುವಾರ. ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಇಂಧನ ಡಿಪೋದಲ್ಲಿ 912ನೇ ಟ್ಯಾಂಕಿಗೆ ಪೆಟ್ರೋಲ್ ತುಂಬುತ್ತಿತ್ತು. ರಾತ್ರಿ ಮೂರರ ಸುಮಾರಿಗೆ ಮಟ್ಟ ತೋರಿಸುವ ಗೇಜ್ ಸಿಕ್ಕಿಹಾಕಿಕೊಂಡಿತು. ಗೇಜ್ ತೋರಿಸುವ ಮಟ್ಟ ಏರಲೇ ಇಲ್ಲ, ಪೆಟ್ರೋಲ್ ಮಾತ್ರ ಬರುತ್ತಲೇ ಇತ್ತು. ಟ್ಯಾಂಕ್ ಉಕ್ಕಿ, ಆವಿ ಹರಡಿ, ಬೆಳಗ್ಗೆ ಆರಕ್ಕೆ ಸ್ಫೋಟ. ರಜೆಯ ದಿನವಾದ್ದರಿಂದ ಸುತ್ತ ಜನ ಕಡಿಮೆ. ಯಾರೂ ಸಾಯಲಿಲ್ಲ, 43 ಮಂದಿಗೆ ಗಾಯವಾಯಿತು.

ಆ ಗೇಜ್ ಕೈಕೊಟ್ಟಿದ್ದು ಅದೇ ಮೊದಲಲ್ಲ. ಆಗಸ್ಟ್ ಕೊನೆಯಿಂದ 14 ಸಲ ಸಿಕ್ಕಿಕೊಂಡಿತ್ತು. ಇಂಥದ್ದಕ್ಕೇ ಅಂತ ಟ್ಯಾಂಕಿನ ಮೇಲೆ ಬೇರೆ ಸ್ವಿಚ್ ಇತ್ತು, ಮಟ್ಟ ಮೀರಿದರೆ ತುಂಬುವುದನ್ನು ನಿಲ್ಲಿಸಬೇಕಾದದ್ದು. ಅದನ್ನು ಪರೀಕ್ಷಿಸಲು ಒಂದು ಲಿವರ್, ಪರೀಕ್ಷೆ ಮುಗಿದ ಮೇಲೆ ಲಿವರ್ ಜಾಗದಲ್ಲೇ ನಿಲ್ಲಲು ಒಂದು ಸಣ್ಣ ಬೀಗ. ಬೀಗದ ಕೆಲಸ ಏನು ಅಂತ ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ಹಾಕಲಿಲ್ಲ. ಸ್ವಿಚ್ ಕೆಲಸ ಮಾಡಲಿಲ್ಲ.

ಪ್ರೋಸೆಸ್ ಸೇಫ್ಟಿ, ಅಂದರೆ ಇಂಥ ಕಾರ್ಖಾನೆಗಳಲ್ಲಿ ಸೋರಿಕೆ, ಬೆಂಕಿ, ಸ್ಫೋಟ ಆಗದಂತೆ ನೋಡಿಕೊಳ್ಳುವ ಕೆಲಸ. ಅದರ ಮುಂದಿನ ದಿನಗಳ ಮಾತು ಬಂದರೆ ಈಗ ಎಲ್ಲರೂ ಎಐ ಅಂತಾರೆ. ನನಗೂ ಅದು ಬೇಕು. ಟ್ಯಾಂಕ್ ತುಂಬುತ್ತಿರುವಾಗ ಮಟ್ಟ ಏರದಿದ್ದರೆ ಸಾಫ್ಟ್‌ವೇರ್ ಬೇಗ ಹಿಡಿಯುತ್ತದೆ, ಅದಕ್ಕೆ ನಿದ್ದೆ ಬರುವುದಿಲ್ಲ. ಆದರೆ ಹಿಡಿದ ಮೇಲೆ ಏನು, ಇನ್ನೊಂದು ಅಲಾರಂ ತಾನೇ? 1994ರಲ್ಲಿ ವೇಲ್ಸಿನ ಮಿಲ್ಫರ್ಡ್ ಹೇವನ್ ರಿಫೈನರಿಯಲ್ಲಿ ಸ್ಫೋಟಕ್ಕೆ ಮುಂಚಿನ 11 ನಿಮಿಷದಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಂ ಬಂದಿದ್ದವು. ಯಾವುದನ್ನು ನೋಡಬೇಕು ಹೇಳಿ. ಇನ್ನು ಬೀಗ ಇಲ್ಲ ಅನ್ನುವುದನ್ನು ಯಾರಾದರೂ ಹೇಳದೆ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? (ಟ್ಯಾಂಕಿನಲ್ಲಿ ಇಲ್ಲದ್ದು ಸೋರುವುದಿಲ್ಲ ಅಂತ ಕಾರ್ಖಾನೆ ಸುರಕ್ಷತೆಯ ತಜ್ಞ ಟ್ರೆವರ್ ಕ್ಲೆಟ್ಜ್ 1970ರ ದಶಕದಲ್ಲೇ ಹೇಳಿದ್ದರು, ಅಪಾಯದ ವಸ್ತುವನ್ನು ಕಡಿಮೆ ಇಟ್ಟುಕೊಳ್ಳುವುದು ಈಗಲೂ ನನಗೆ ಎಲ್ಲಕ್ಕಿಂತ ಒಳ್ಳೆಯ ದಾರಿ.)

ನಾನು ಕಾರ್ಖಾನೆ ಕೆಲಸಕ್ಕೆ ಸೇರಿದ ವರ್ಷ, ನೈಟ್ ಶಿಫ್ಟಿನಲ್ಲಿ, ತೆರೆದಿಟ್ಟು ಸರಪಳಿ ಸುತ್ತಿ ಬೀಗ ಹಾಕಿದ್ದ ವಾಲ್ವ್ ಒಂದು ಕಣ್ಣಿಗೆ ಬಿತ್ತು. ಯಾರೂ ಸುಮ್ನೆ ಮುಟ್ಟದಿರಲಿ ಅಂತ ಹಾಕಿದ್ದಾರೆ ಅಂದುಕೊಂಡೆ. ಕೀ ಕೇಳಿದಾಗ ಹಿರಿಯ ಆಪರೇಟರ್, "ಇದು ಯಾಕಿದೆ ಹೇಳಪ್ಪ, ಆಮೇಲೆ ಕೊಡ್ತೀನಿ" ಅಂದರು. ನನಗೆ ಗೊತ್ತಿರಲಿಲ್ಲ. ಪೈಪಿನ ಗುಂಟ ಕೈ ಆಡಿಸುತ್ತಾ ಮೇಲಕ್ಕೆ ತೋರಿಸಿದರು: ಒತ್ತಡ ಹೆಚ್ಚಾದರೆ ತೆರೆದುಕೊಳ್ಳುವ ರಿಲೀಫ್ ವಾಲ್ವಿಗೆ ದಾರಿ ಅದೊಂದೇ. ಕೆಳಗಿನದು ಮುಚ್ಚಿದರೆ ಮೇಲಿನದು ಇದ್ದೂ ಇಲ್ಲದ ಹಾಗೆ.

ಅವರು ನಿವೃತ್ತರಾದ ವಾರ ನಾವಿಬ್ಬರೂ ಆ ಸರಪಳಿಗೆ ಒಂದು ತಗಡು ಕಟ್ಟಿದೆವು. ಅದರ ಮೇಲೆ "ಮುಚ್ಚಬೇಡಿ" ಅಂತಷ್ಟೇ ಅಲ್ಲ, ಯಾಕೆ ಮುಚ್ಚಬಾರದು ಅನ್ನುವುದನ್ನೂ ಕೊರೆದಿದ್ದೇವೆ.