ಮರಿ ಟಾರಂಟುಲಾ ಬಿಲದ ಬಾಯಿ ಮುಚ್ಚಿಕೊಂಡಿದೆ, ಸತ್ತಿದೆಯಾ?

ಪ್ರಶ್ನೆ: ನಾನು ಉಡುಪಿಯವನು, ಡಿಗ್ರಿ ಓದುತ್ತಿದ್ದೇನೆ. ಮೂರು ತಿಂಗಳಿಂದ ರೆಡ್ ನೀ ಎಂಬ ಟಾರಂಟುಲಾ ಜೇಡದ ಒಂದು ಮರಿ ಸಾಕುತ್ತಿದ್ದೇನೆ. ಕಾಲು ಚಾಚಿದರೆ ಒಂದೂವರೆ ಸೆಂಟಿಮೀಟರ್ ಇರಬಹುದು. 18 ದಿನದಿಂದ ಏನೂ ತಿಂದಿಲ್ಲ. ಬಿಲದ ಬಾಯಿಗೆ ಮಣ್ಣು ತಳ್ಳಿ ಒಳಗೆ ಕೂತಿದೆ. ಸತ್ತಿದೆಯಾ? ಅಗೆದು ನೋಡಲಾ? ದಿನಾ ನೀರು ಸ್ಪ್ರೇ ಮಾಡಬೇಕು ಅಂತ ಒಬ್ಬರು ಹೇಳಿದರು. ಅಮ್ಮ ಡಬ್ಬಿಯನ್ನು ತೆಂಗಿನ ಬುಡಕ್ಕೆ ಸುರಿ ಅನ್ನುತ್ತಿದ್ದಾರೆ. ಇನ್ನೊಂದು ಪ್ರಶ್ನೆ: ನಮ್ಮ ಗುಡ್ಡೆಯ ಬದಿಯಲ್ಲೂ ಇಂಥದ್ದೇ ದೊಡ್ಡ ಜೇಡ ಇದೆ, ಅದನ್ನು ತಂದು ಸಾಕಬಹುದಾ?

ಉತ್ತರ: ಅಗೆಯಬೇಡಿ. ಸುರಿಯಲೂ ಬೇಡಿ. ಸತ್ತ ಜೇಡ ಬಾಗಿಲು ಹಾಕಿಕೊಳ್ಳುವುದಿಲ್ಲ, ಅಲ್ವಾ? ಒಳಗಿನಿಂದ ಮಣ್ಣು ತಳ್ಳಿ ಬಾಯಿ ಮುಚ್ಚಿದೆ ಅಂದರೆ ಅದಕ್ಕೆ ಯಾರೂ ಬರುವುದು ಬೇಡವಾಗಿದೆ. ನೂರಕ್ಕೆ ತೊಂಬತ್ತು ಸಲ ಕಾರಣ ಒಂದೇ, ಪೊರೆ ಕಳಚುವ ಸಮಯ ಬಂದಿದೆ.

ಜೇಡಕ್ಕೆ ಎಲುಬಿಲ್ಲ. ಮೈಮೇಲಿನ ಗಟ್ಟಿ ಕವಚವೇ ಅದರ ಎಲುಬು. ಆ ಕವಚ ಬೆಳೆಯುವುದಿಲ್ಲ. ಹಾಗಾಗಿ ಬೆಳೆಯಬೇಕಾದರೆ ಹಳೆಯದನ್ನು ಬಿಚ್ಚಿ ಬಿಸಾಡಲೇಬೇಕು. ಮರಿಗಳು ಒಂದೆರಡು ತಿಂಗಳಿಗೊಮ್ಮೆ ಈ ಕೆಲಸ ಮಾಡುತ್ತವೆ. ದೊಡ್ಡವಾದ ಮೇಲೆ ವರ್ಷಕ್ಕೊಮ್ಮೆ, ಕೆಲವೊಮ್ಮೆ ಅದೂ ಇಲ್ಲ. ಹೊರಗಿನ ಚರ್ಮ ಮಾತ್ರ ಅಲ್ಲ, ಹಲ್ಲು, ಹೊಟ್ಟೆಯ ಒಳಪದರ ಎಲ್ಲವೂ ಹೊಸದಾಗುತ್ತದೆ. ಮೊದಲೇ ಒಂದು ಕಾಲು ಮುರಿದುಹೋಗಿದ್ದರೆ ಅದೂ ಚಿಕ್ಕದಾಗಿ ವಾಪಸ್ ಬರುತ್ತದೆ. ಇಷ್ಟು ದೊಡ್ಡ ರಿಪೇರಿ ಇರುವಾಗ ಯಾರಿಗೆ ಊಟ ಬೇಕು?

ತಿಂದಿದೆಯಾ ಇಲ್ಲವಾ ಅಂತ ದಿನ ಎಣಿಸಬೇಡಿ. ಹೊಟ್ಟೆ ನೋಡಿ. ನಿಮ್ಮ ಮನೆ ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದರೆ ಇದು ಸುಲಭ. ಬಳ್ಳಿಯಲ್ಲಿರುವ ಹಸಿ ಕಾಳು ತುಂಬಿಕೊಂಡು ಹೊಳೆಯುತ್ತಿರುತ್ತದೆ. ಅಂಗಳದಲ್ಲಿ ಒಣಗಿದ ಕಾಳು ಸುಕ್ಕಾಗಿರುತ್ತದೆ. ಬಾಗಿಲು ಹಾಕುವ ಮೊದಲು ನಿಮ್ಮ ಮರಿಯ ಹೊಟ್ಟೆ ಹಸಿ ಕಾಳಿನ ಹಾಗಿತ್ತಾ? ಬಣ್ಣ ಕಪ್ಪಾಗಿ, ಬಿಗಿದು, ಮಿರಮಿರ ಅನ್ನುತ್ತಿತ್ತಾ? ಹಾಗಿದ್ದರೆ ಅದು ಒಂದು ತಿಂಗಳು ಉಪವಾಸ ಇದ್ದರೂ ನೀವು ನಿಶ್ಚಿಂತೆಯಿಂದ ಪರೀಕ್ಷೆಗೆ ಓದಿಕೊಳ್ಳಬಹುದು. ಒಣ ಕಾಳಿನ ಹಾಗೆ ಸುಕ್ಕಾಗಿತ್ತು ಅಂದರೆ ಮಾತು ಬೇರೆ. ಆಗ ಅದಕ್ಕೆ ಮೊದಲು ಬೇಕಾದದ್ದು ನೀರು, ಆಮೇಲೆ ಊಟ.

ಅಗೆಯಬೇಡಿ ಅಂತ ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ನನ್ನ ಮೊದಲನೇ ಮರಿ ಹೀಗೇ ಬಾಗಿಲು ಹಾಕಿತ್ತು. 12ನೇ ದಿನ ನನಗೆ ತಡೆಯಲಾಗಲಿಲ್ಲ. ಹಲ್ಲುಕಡ್ಡಿಯಿಂದ ಮೆಲ್ಲಗೆ ಮಣ್ಣು ಸರಿಸಿದೆ. ಒಳಗೆ ಅದು ಬೆನ್ನಡಿಯಾಗಿ ಮಲಗಿತ್ತು. ಅರ್ಧ ಮೈ ಹೊಸದು, ಅರ್ಧ ಇನ್ನೂ ಹಳೆಯ ಚರ್ಮದೊಳಗೆ. ಬಿಲದ ಮಣ್ಣು ಅದರ ಮೇಲೆಯೇ ಕುಸಿಯಿತು. ಹೊಸ ಮೈ ಆಗಷ್ಟೇ ಎರೆದ ನೀರುದೋಸೆಯಷ್ಟು ಮೆತ್ತಗಿರುತ್ತದೆ, ಮಾರಾಯ್ರೆ. ಎರಡು ಕಾಲು ಹಳೆಯ ಚರ್ಮದಲ್ಲೇ ಸಿಕ್ಕಿಕೊಂಡವು. ಮರುದಿನ ಬೆಳಿಗ್ಗೆ ಅದು ಇರಲಿಲ್ಲ. ಸುಮ್ನೆ ಬಿಟ್ಟಿದ್ದರೆ ಬದುಕುತ್ತಿತ್ತು.

ಬೆನ್ನಡಿಯಾಗಿ ಮಲಗಿದ್ದು ಕಂಡರೆ ಎಲ್ಲರೂ ಸತ್ತಿತು ಅಂದುಕೊಳ್ಳುತ್ತಾರೆ. ನಿಜ ಅದರ ತಿರುಗುಮುರುಗು. ಟಾರಂಟುಲಾ ಪೊರೆ ಕಳಚುವುದೇ ಸಾಮಾನ್ಯವಾಗಿ ಬೆನ್ನಡಿಯಾಗಿ. ಸತ್ತದ್ದು ನೆಟ್ಟಗೇ ಕೂತಿರುತ್ತದೆ, ಆದರೆ ಕಾಲುಗಳೆಲ್ಲ ಮುಷ್ಟಿ ಕಟ್ಟಿದ ಹಾಗೆ ಹೊಟ್ಟೆಯಡಿಗೆ ಮಡಚಿರುತ್ತವೆ. ಕಾರಣ ಕೇಳಿದರೆ ಮಜಾ ಅನ್ನಿಸುತ್ತದೆ. ಜೇಡಕ್ಕೆ ಕಾಲು ಮಡಚಲು ಸ್ನಾಯು ಇದೆ. ಮುಖ್ಯವಾದ ಕೀಲುಗಳಲ್ಲಿ ಕಾಲನ್ನು ಚಾಚಲು ಸ್ನಾಯುವೇ ಇಲ್ಲ. ಜೆಸಿಬಿಯ ಕೈಗೆ ಆಯಿಲ್ ಒತ್ತಿ ಚಾಚಿಸುತ್ತಾರಲ್ಲ, ಹಾಗೆ ಮೈಯೊಳಗಿನ ದ್ರವವನ್ನು ಒತ್ತಿ ಅದು ಕಾಲು ಚಾಚುತ್ತದೆ. ಸತ್ತಾಗ ಆ ಒತ್ತಡ ಹೋಗುತ್ತದೆ, ಕಾಲು ತಾನೇ ಮಡಚಿಕೊಳ್ಳುತ್ತದೆ. ನೀರಿಲ್ಲದೆ ಬಳಲಿದ ಮರಿಯೂ ಹೀಗೆ ಕಾಲು ಮಡಚಲು ಶುರು ಮಾಡುತ್ತದೆ. ಅರ್ಧ ಮಡಚಿದ್ದು ಕಂಡ ಕೂಡಲೇ ಒದ್ದೆ ಟಿಶ್ಯೂ ಹಾಸಿದ ಡಬ್ಬಿಗೆ ಹಾಕಿದರೆ ಕೆಲವು ಬದುಕುತ್ತವೆ.

ಇನ್ನು ದಿನಾ ಸ್ಪ್ರೇ ಮಾಡುವ ಸಲಹೆ. ಅದು ಚಳಿ ದೇಶದ ಮಾತು. ಅಲ್ಲಿ ಮನೆಯೊಳಗೆ ಹೀಟರ್ ಓಡುತ್ತಿರುತ್ತದೆ, ಗಾಳಿ ಒಣಗಿ ಹಪ್ಪಳವಾಗಿರುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಆಟಿ ತಿಂಗಳಲ್ಲಿ ಚರ್ಮದ ಚಪ್ಪಲಿಗೆ, ಬೆಲ್ಟಿಗೆ, ಉಪ್ಪಿನಕಾಯಿ ಭರಣಿಯ ಬಾಯಿಗೆ ಬೂಷ್ಟು ಬರುತ್ತದೆ. ಅಂಥ ಊರಲ್ಲಿ ಮುಚ್ಚಿದ ಡಬ್ಬಿಯೊಳಗೆ ಇನ್ನೂ ನೀರು ಹೊಡೆದರೆ ಜೇಡ ಸಾಕಿದ ಹಾಗಲ್ಲ, ಅಣಬೆ ಬೆಳೆದ ಹಾಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಸ್ಪ್ರೇ ಬಾಟಲಿ ಮುಟ್ಟುವುದೇ ಇಲ್ಲ. ವಾರಕ್ಕೊಮ್ಮೆ ಡ್ರಾಪರ್‌ನಲ್ಲಿ ಡಬ್ಬಿಯ ಒಂದು ಮೂಲೆಗೆ ನಾಲ್ಕು ಹನಿ ಬಿಡುತ್ತೇನೆ, ಅಷ್ಟೇ. ಇನ್ನೊಂದು ಮೂಲೆ ಒಣಗಿಯೇ ಇರಬೇಕು. ಎಲ್ಲಿ ಕೂರಬೇಕು ಅಂತ ಅದೇ ಆರಿಸಿಕೊಳ್ಳುತ್ತದೆ. ಮಾರ್ಚ್‌ನಿಂದ ಮೇವರೆಗೆ ಫ್ಯಾನು, ಏಸಿ ಓಡುವ ಕೋಣೆಯಲ್ಲಿಟ್ಟರೆ ಇದೇ ಮಾತು ಉಲ್ಟಾ. ಆಗ ಮೂರು ದಿನಕ್ಕೊಮ್ಮೆ ಮಣ್ಣು ಮುಟ್ಟಿ ನೋಡಿ. ಹೀಟ್ ಮ್ಯಾಟ್ ಮಾರುವವರು ಸಿಕ್ಕರೆ ನಮಸ್ಕಾರ ಹೇಳಿ ಮುಂದೆ ಹೋಗಿ. ಕರಾವಳಿಯ ಸೆಖೆಗಿಂತ ಬೇರೆ ಹೀಟರ್ ಬೇಕಾ?

ಡಬ್ಬಿಗೂ ಜಾಸ್ತಿ ದುಡ್ಡು ಬೇಡ. ಮೆಡಿಕಲ್ ಶಾಪಿನಲ್ಲಿ ಮೂತ್ರ ಪರೀಕ್ಷೆಗೆ ಕೊಡುವ ಹೊಸ ಸ್ಯಾಂಪಲ್ ಡಬ್ಬಿ ಈ ಅಳತೆಯ ಮರಿಗೆ ಸರಿಯಾಗುತ್ತದೆ. ಸೂಜಿ ಕಾಯಿಸಿ ಪಕ್ಕದಲ್ಲೂ ಮುಚ್ಚಳದಲ್ಲೂ ತೂತು ಮಾಡಿ. ಜೇಡದ ತಲೆಭಾಗ ತೂರುವಷ್ಟು ದೊಡ್ಡ ತೂತು ಬೇಡ. ತಲೆ ತೂರಿದರೆ ಉಳಿದದ್ದೂ ತೂರುತ್ತದೆ. ಅರ್ಧಕ್ಕಿಂತ ಮೇಲೆ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ ತುಂಬಿ. ತೆಂಗಿನ ನಾಡಿನಲ್ಲಿ ಅದಕ್ಕೇನು ಬರ? ಆದರೆ ಸಿಪ್ಪೆಯನ್ನು ಹಿನ್ನೀರಿನಲ್ಲಿ ಕೊಳೆಹಾಕಿ ತೆಗೆದ ನಾರಿನ ಪುಡಿಯಾದರೆ ಅದರಲ್ಲಿ ಉಪ್ಪಿರುತ್ತದೆ. ಎರಡು ಮೂರು ನೀರಲ್ಲಿ ತೊಳೆದು, ಹಿಂಡಿ ಹಾಕಿ.

ನನ್ನನ್ನು ಕೇಳಿದರೆ ಇಲ್ಲಿ ಮರಿಗಳನ್ನು ಕೊಲ್ಲುವುದು ಹಸಿವಲ್ಲ, ಇರುವೆ. ಒಂದು ಸತ್ತ ಹುಳ ಡಬ್ಬಿಯಲ್ಲಿ ಉಳಿದರೆ ಸಾಕು, ರಾತ್ರಿ ಬೆಳಗಾಗುವುದರೊಳಗೆ ಸಾಲು ಬಂದಿರುತ್ತದೆ. ಪೊರೆ ಕಳಚುತ್ತಿರುವ ಮರಿ ಓಡಲೂ ಆಗದೆ, ಕಚ್ಚಲೂ ಆಗದೆ ಮಲಗಿರುತ್ತದೆ. ನಮ್ಮ ಅಜ್ಜಿಯಂದಿರು ಬೆಲ್ಲದ ಡಬ್ಬವನ್ನು ನೀರಿನ ತಟ್ಟೆಯ ನಡುವೆ ಇಡುತ್ತಿದ್ದರಲ್ಲ, ಅದೇ ಉಪಾಯ ಮಾಡಿ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬಿಡಿ, ಇಲ್ಲದಿದ್ದರೆ ಕೆಲವು ಇರುವೆ ತೇಲಿಕೊಂಡೇ ದಾಟುತ್ತವೆ. ಇರುವೆಗೆ ಗೆರೆ ಎಳೆಯುವ ಸೀಮೆಸುಣ್ಣ ಮಾತ್ರ ಆ ಕೋಣೆಗೆ ಬೇಡ. ಅದರಲ್ಲಿರುವುದು ಕೀಟನಾಶಕ, ಅದಕ್ಕೆ ಇರುವೆ ಯಾವುದು ಜೇಡ ಯಾವುದು ಅಂತ ಗೊತ್ತಾಗುವುದಿಲ್ಲ. ಸೊಳ್ಳೆಬತ್ತಿ, ಗೋಡೆಗೆ ಸಿಕ್ಕಿಸುವ ಲಿಕ್ವಿಡ್ ಕೂಡ ಅದೇ ಜಾತಿ. ಮಲೇರಿಯಾ, ಡೆಂಗಿಗೆ ಹೆದರುವ ಊರು ನಮ್ಮದು, ಹಾಗಾಗಿ ಸೊಳ್ಳೆ ಓಡಿಸಬೇಡಿ ಅನ್ನಲಾರೆ. ಪರದೆ ಕಟ್ಟಿಕೊಂಡು ಮಲಗಿ. ಬೀದಿಗೆ ಫಾಗಿಂಗ್ ಗಾಡಿ ಬಂದ ಸದ್ದು ಕೇಳಿದರೆ ಕಿಟಕಿ ಮುಚ್ಚಿ, ಡಬ್ಬಿಯನ್ನು ಒಳಕೋಣೆಗೆ ಒಯ್ಯಿರಿ.

ಒಂದು ದಿನ ಬಾಗಿಲು ತಾನಾಗಿ ತೆರೆದಿರುತ್ತದೆ. ಬಿಲದ ಹೊರಗೆ ಸುರುಳಿ ಸುತ್ತಿದ ಹಳೆ ಚರ್ಮ ಬಿದ್ದಿರಬಹುದು. ಖುಷಿಯಲ್ಲಿ ಅವತ್ತೇ ಊಟ ಹಾಕಬೇಡಿ. ಹೊಸ ಹಲ್ಲು ಮೊದಲು ಬಿಳಿ, ಆಮೇಲೆ ಕೆಂಪು, ಕೊನೆಗೆ ಕಪ್ಪು. ಕಪ್ಪಾದ ಮೇಲೆಯೇ ಅದು ಕಚ್ಚುವಷ್ಟು ಗಟ್ಟಿ. ಈ ಅಳತೆಯ ಮರಿಗೆ ಐದಾರು ದಿನ, ಬೇಕಿದ್ದರೆ ಒಂದು ವಾರ ಕಾಯಿರಿ. ಅದಕ್ಕಿಂತ ಮೊದಲು ಜೀವಂತ ಹುಳ ಬಿಟ್ಟರೆ ಹುಳವೇ ಜೇಡವನ್ನು ಕಚ್ಚಬಹುದು. ಊಟಕ್ಕೆ ಮೀಲ್‌ವರ್ಮ್ ಎಂಬ ಹುಳದ ತಲೆ ಜಜ್ಜಿ, ತುಂಡು ಮಾಡಿ ಹಾಕಿ. ಮರಿಗಳು ಸತ್ತದ್ದನ್ನೂ ಆರಾಮವಾಗಿ ತಿನ್ನುತ್ತವೆ. ವಾರಕ್ಕೆ ಎರಡು ಸಲ ಸಾಕು, ಉಳಿದ ತುಂಡು ಮರುದಿನ ಹೊರಗೆ. ಅಡಿಗೆಮನೆಯ ಜಿರಳೆ ಹಿಡಿದು ಹಾಕಬೇಡಿ. ಅದು ಪಕ್ಕದ ಮನೆಯಲ್ಲಿ ಏನು ತಿಂದು ಬಂದಿದೆಯೋ, ಯಾರಿಗೆ ಗೊತ್ತು.

ಈಗ ನಿಮ್ಮ ಗುಡ್ಡೆಯ ಜೇಡದ ವಿಷಯ. ಬೇಡ. ಮುರಕಲ್ಲು ಬರೆಯಲ್ಲಿ, ರಸ್ತೆ ಕಡಿದ ಮಣ್ಣಿನ ಗೋಡೆಯಲ್ಲಿ ರೇಷ್ಮೆ ಹಾಸಿದ ದುಂಡನೆಯ ತೂತು ಕಂಡಿದ್ದರೆ ಅದು ಥ್ರಿಗ್ಮೋಪಿಯಸ್ ಎಂಬ ಟಾರಂಟುಲಾ ಇರಬಹುದು. ಪಶ್ಚಿಮ ಘಟ್ಟದ ಈ ಕುಲಕ್ಕೆ ಪೊಕಾಕ್ ಎಂಬ ಇಂಗ್ಲಿಷ್ ವಿಜ್ಞಾನಿ 1899ರಲ್ಲಿ ಹೆಸರಿಟ್ಟರು. ತುಂಬ ಸಿಟ್ಟಿನ ಜೇಡ. ನಿಮ್ಮ ರೆಡ್ ನೀ ಮೆಕ್ಸಿಕೋ ಕಡೆಯದು. ಹೆದರಿದರೆ ದೊಡ್ಡವಾದ ಮೇಲೆ ಹೊಟ್ಟೆಯ ರೋಮ ಉದುರಿಸಿ ಕಣ್ಣು, ಮೈ ತುರಿಸುವ ಹಾಗೆ ಮಾಡುತ್ತದೆ, ಕಚ್ಚುವುದು ಕಡಿಮೆ. ನಮ್ಮ ದೇಶದವುಗಳಿಗೆ ಆ ರೋಮ ಇಲ್ಲ, ನೇರ ಹಲ್ಲಿಗೇ ಬರುತ್ತವೆ. ಮರದ ಪೊಟರೆಯಲ್ಲಿರುವ ಪೊಯಿಸಿಲೋಥೀರಿಯಾ ಎಂಬ ಟಾರಂಟುಲಾ ಕಚ್ಚಿದರೆ ಸ್ನಾಯು ಸೆಳೆತ ದಿನಗಟ್ಟಲೆ ಇರುತ್ತದೆ. ಇನ್ನು ಮೂಕಾಂಬಿಕಾ, ಸೋಮೇಶ್ವರ ಅಭಯಾರಣ್ಯದ ಒಳಗಿನಿಂದ ಹಿಡಿದರೆ ನೇರ ಅಪರಾಧ. ಹೊರಗಿನಿಂದ ತಂದರೂ ನಷ್ಟ ಗುಡ್ಡೆಗೇ. ಆ ಹೆಣ್ಣು ಅಷ್ಟು ದೊಡ್ಡದಾಗಲು ವರ್ಷಗಟ್ಟಲೆ ತೆಗೆದುಕೊಂಡಿದೆ.

ನಿಮ್ಮ ಮರಿಗೂ ಕಾಗದ ಬೇಕು. ಇದನ್ನು ಮಾರುವವರು ಹೇಳುವುದು ಕಡಿಮೆ. ರೆಡ್ ನೀ ಸೇರಿದ ಬ್ರಾಕಿಪೆಲ್ಮಾ ಕುಲ ಸೈಟಿಸ್ ಎಂಬ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಪೊಯಿಸಿಲೋಥೀರಿಯಾ ಅದೇ ಪಟ್ಟಿಗೆ 2019ರಲ್ಲಿ ಸೇರಿತು. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು, 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಂಥ ಪ್ರಾಣಿ ಮನೆಯಲ್ಲಿದ್ದರೆ ಈಗ ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು, 2024ರ ನಿಯಮದ ಪ್ರಕಾರ ಅರ್ಜಿ ಹಾಕುವುದು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ. ಮಾರಿದವರ ಹತ್ತಿರ ಬಿಲ್ಲು, ಎಲ್ಲಿ ಹುಟ್ಟಿದ ಮರಿ ಎಂಬ ದಾಖಲೆ ಕೇಳಿ. ಕೊಡಲು ತಡವರಿಸಿದರೆ ಅದು ಹೇಗೆ ಬಂದಿರಬಹುದು ಅಂತ ಯೋಚಿಸಿ. 2021ರಲ್ಲಿ ಚೆನ್ನೈಯಲ್ಲಿ ಕಸ್ಟಮ್ಸ್‌ನವರು ಪೋಲೆಂಡ್‌ನಿಂದ ಬಂದ ಒಂದು ಅಂಚೆ ಪಾರ್ಸೆಲ್ ಬಿಚ್ಚಿದಾಗ ಹತ್ತಿಯಲ್ಲಿ ಸುತ್ತಿದ 107 ಪುಟ್ಟ ಶೀಶೆ ಸಿಕ್ಕಿದವು, ಒಂದೊಂದರಲ್ಲೂ ಒಂದೊಂದು ಜೀವಂತ ಜೇಡ.

ಅಮ್ಮನಿಗೆ ಒಂದು ವಿಷಯ ಮೊದಲೇ ಹೇಳಿಬಿಡಿ, ಆಮೇಲೆ ಗೊತ್ತಾದರೆ ಕಷ್ಟ. ಮರಿ ಗಂಡಾದರೆ ಪ್ರಾಯಕ್ಕೆ ಬಂದ ಮೇಲೆ ಜಾಸ್ತಿ ದಿನ ಇರುವುದಿಲ್ಲ. ಹೆಣ್ಣಾದರೆ 20 ವರ್ಷ ದಾಟಿ ಬದುಕುತ್ತದೆ. ಗಂಡೋ ಹೆಣ್ಣೋ ಈಗ ಗೊತ್ತಾಗುವುದಿಲ್ಲ. ಕಾಲು ಚಾಚಿದರೆ ನಾಲ್ಕೈದು ಸೆಂಟಿಮೀಟರ್ ಆಗುವಷ್ಟು ಬೆಳೆಯಲಿ. ಆಗ ಕಳಚಿದ ಪೊರೆಯನ್ನು ಬಿಸಾಡದೆ ಒದ್ದೆ ಮಾಡಿ ಮೆಲ್ಲಗೆ ಬಿಡಿಸಿ, ಹೊಟ್ಟೆಯ ಒಳಭಾಗವನ್ನು ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ನೋಡಿ. ಹೆಣ್ಣಾದರೆ ವೀರ್ಯ ಕೂಡಿಡುವ ಒಂದು ಪುಟ್ಟ ಚೀಲದ ಗುರುತು ಅಲ್ಲಿರುತ್ತದೆ.